ಡಿಸ್ಕಿಗೆ ಮಡಿ

ಬೆಟಗೇರಿಯ ಪ್ರಲ್ಹಾದನಿಗೆ ಮಡಿ ಅಂದರೆ ಅರವತ್ತು ದಾಟಿದರೂ ನಗೆ. ಹೆಂಡತಿ ಸಾವಂತ್ರೆವ್ವ ಒದ್ದೆ ಸೀರೆಯಲ್ಲಿ ದೇವರ ಕೋಣೆಗೆ ನಡೆದರೆ ಬೇಕೆಂದೇ ಅಡ್ಡ ನಿಲ್ಲುವ ಮನುಷ್ಯ. ಅಂಥವನು ಮೊನ್ನೆ ಆಕೆಯ ಮುಂದೆ ಕೈಮುಗಿದು ನಿಂತ.

ಕಾರಣ ಒಂದು ಡಿಸ್ಕ್ ಪ್ಯಾಕ್. ಹರೆಯದಲ್ಲಿ ಅವನು ಗಿರಣಿಯೊಂದರಲ್ಲಿ ಕಪಾಟಿನಷ್ಟು ದೊಡ್ಡ ಕಂಪ್ಯೂಟರ್ ನಡೆಸುತ್ತಿದ್ದ. ಅದರ ನೆನಪೆಲ್ಲ ಒಂದರ ಮೇಲೊಂದು ಪೇರಿಸಿದ ಅಗಲ ತಟ್ಟೆಗಳಲ್ಲಿ. ಅದೇ ಡಿಸ್ಕ್ ಪ್ಯಾಕ್; ಬೇಕಾದಾಗ ಹಿಡಿಕೆ ಹಿಡಿದು ಎತ್ತಿಡಬಹುದಿತ್ತು. ಗಿರಣಿ ಮುಚ್ಚಿದಾಗ ಗುಜರಿಯ ಲಾಡಸಾಬನಿಂದ ಎಲ್ಲವನ್ನೂ ಮನೆಗೆ ತಂದ. ಯಂತ್ರವೇನೋ ರಿಪೇರಿಯಾಯಿತು. ಆದರೆ ಮದುವೆಯಾದ ಹೊಸದರಲ್ಲಿ ಸಾವಂತ್ರೆವ್ವ ತಾನೇ ನೇಯ್ದು ಉಟ್ಟ ಸೀರೆಯಂಚಿನ ದಡಿಯ ಚಿತ್ತಾರವನ್ನು ಅವನು ಚುಕ್ಕೆ ಚುಕ್ಕೆಯಾಗಿ ಬಿಡಿಸಿಟ್ಟದ್ದು ಧೂಳು ಹಿಡಿದ ಈ ಪ್ಯಾಕಿನಲ್ಲಿ. ಸೀರೆ ಎಂದೋ ಹರಿದು ಕೌದಿಗೆ ಸೇರಿತು. ದಡಿ ಇದರೊಳಗಿದೆ ಎಂಬ ಅವನ ಮಾತನ್ನು ಆಕೆ ಇಂದಿಗೂ ನಂಬಿಲ್ಲ.

ತಟ್ಟೆ ಓದುವ ಹೆಡ್ ಅದಕ್ಕೆ ತಾಗದಂತೆ ಕೂದಲೆಳೆಗಿಂತ ಸಣ್ಣ ಸಂದಿನಲ್ಲಿ ತೇಲಬೇಕು. ನಡುವೆ ಒಂದು ಕಣ ಸಿಕ್ಕರೆ ತಟ್ಟೆಯೂ ಹೋಯಿತು, ಹೆಡ್ಡೂ ಹೋಯಿತು. ಇನ್ನೊಂದು ಹೆಡ್ ಅವನಲ್ಲಿಲ್ಲ. ಮನೆಯಲ್ಲೋ ಎರಡು ಮಗ್ಗ, ಉಣ್ಣುವ ಅನ್ನದಲ್ಲೂ ನೂಲಿನ ಧೂಳು. ಚೊಕ್ಕ ಜಾಗ ದೇವರ ಕೋಣೆಯೊಂದೇ. ಅಲ್ಲಿ ಕೂತು ತಟ್ಟೆ ಒರೆಸಲು ಆಕೆಯ ಒಪ್ಪಿಗೆ ಬೇಕು.

"ಜಳಕಾ ಮಾಡ್ರಿ. ಒದ್ದಿ ಧೋತರ ಉಟ್ಕೊಳ್ರಿ. ಮೊದಲ ಆ ತಂಬಾಕ ಉಗುಳ್ರಿ," ಎಂದಳು ಸಾವಂತ್ರೆವ್ವ. ಇಷ್ಟು ವರ್ಷದ ಸೇಡು ಒಂದೇ ಸಲ ತೀರಿತು.

ಪ್ರಲ್ಹಾದ ಹೇಳಿದಂತೆಲ್ಲ ಮಾಡಿದ. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ತಟ್ಟೆಗಳನ್ನು ಒರೆಸುತ್ತ ಕೂತ.

"ದೇವರ ಮುಂದ ದಾರೂ ವಾಸನಿ! ಏನ್ರಿ ಇದು?"

"ಇದರ ತೀರ್ಥ. ದೂರ ಸರಿ, ಮಡಿಯಾಗ ಅದೀನಿ!"

ಆಕೆ ಬಿದ್ದು ಬಿದ್ದು ನಕ್ಕಳು.

ಮರುದಿನ ಮುಂಜಾನೆ ಮಗ್ಗ ನಿಲ್ಲಿಸಿ, ಅಂಜಿಕೆಗೆ ಒಂದು ಚಿಟಿಕೆ ತಂಬಾಕು ಬಾಯಿಗಿಟ್ಟು, ಪ್ಯಾಕನ್ನು ಯಂತ್ರದಲ್ಲಿ ಕೂರಿಸಿ ಗುಂಡಿ ಒತ್ತಿದ. ಪೂಜೆಗೆ ಹೊರಟ ಸಾವಂತ್ರೆವ್ವ ಒದ್ದೆ ಸೀರೆಯಲ್ಲೇ ಬಂದು ಪಕ್ಕದಲ್ಲಿ ನಿಂತಳು. ತಟ್ಟೆಗಳು ಗುಂಯ್ ಎಂದು ತಿರುಗಿದವು. ಇನ್ನು ಹೆಡ್ ಒಳಗೆ ಸರಿಯಬೇಕು. ಕರ್ರ್ ಎಂದರೆ ಮುಗಿಯಿತು. ಪ್ರಲ್ಹಾದ ಕಣ್ಣು ಮುಚ್ಚಿದ. ಅವನಿಗೆ ಖರೇನೇ ಹೆದರಿಕೆಯಾಗಿತ್ತು.

ಕರ್ರ್ ಎನ್ನಲಿಲ್ಲ.

ಕೀಲಿ ಒತ್ತಲು ಹೋದರೆ ಬಲಗೈ ಬರಲೊಲ್ಲದು. ಎಡಗೈಯಿಂದಲೇ ಒತ್ತಿದ. ಪರದೆಯ ಮೇಲೆ ಹಸಿರು ಚುಕ್ಕೆಗಳು ಸಾಲುಸಾಲಾಗಿ ಇಳಿದವು.

"ಅಯ್ಯ, ನನ್ನ ದಡಿ!" ಎಂದಳು ಸಾವಂತ್ರೆವ್ವ.

ಆಗ ಅವನು ಬಲಗೈ ನೋಡಿಕೊಂಡ. ಆಕೆ ಅದನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಮಡಿ ಕೆಟ್ಟಿತಲ್ಲ? ನನ್ನ ಬಾಯಾಗ ತಂಬಾಕ ಐತಿ."

"ಕೆಡ್ಲಿ ಬಿಡ್ರಿ. ಇನ್ನೊಮ್ಮಿ ಜಳಕಾ ಮಾಡಿದ್ರಾತು," ಎಂದಳು. ಕೈ ಮಾತ್ರ ಬಿಡಲಿಲ್ಲ.