ಗೋಡೆಗೆ ಹೋದ ಮರಳು

ಪಕ್ಕದಲ್ಲಿ ಮನೆ ಕಟ್ಟುವವರಿಗೆ ನಿನ್ನೆ ಒಂದು ಲೋಡು ಹೊಳೆಮರಳು ಬಂತು. ಹಸಿ ಮರಳಿನ ಕೆಸರುನಾತ ಮೂಗಿಗೆ ಬಡಿದದ್ದೇ ಆಚೆಮನೆ ಅತ್ತಿಗೆ ನೆನಪಾದಳು. ಅತ್ತಿಗೆ ಅಂತ ಕರೆಯುತ್ತಿದ್ದೆ ಅಷ್ಟೆ, ನಮ್ಮಿಬ್ಬರ ನಡುವೆ ಇದ್ದದ್ದು ಬೇಲಿಯ ಸಂಬಂಧ.

ತೀರ್ಥಹಳ್ಳಿಯಿಂದ ಕೆಳಗೆ ತುಂಗೆ ತಿರುಗುವಲ್ಲಿ ನಮ್ಮ ಜಾಗ, ಅದಕ್ಕೆ ತಾಗಿ ಅವಳ ಗದ್ದೆ. ಗಂಡ ಸತ್ತವಳಿಗೆ ಅನ್ನಕ್ಕೆ ಇದ್ದದ್ದು ಅದೊಂದೇ. ದೀಪಾವಳಿ ಕಳೆದು ನೀರಿಳಿದ ಮೇಲೆ ಪ್ರತಿ ಮನೆಯವರೂ ತಮ್ಮ ಪಾಲಿನ ದಂಡೆಗೆ ಲಕ್ಕಿ ಗಿಡದ ಗೂಟ ಹೊಡೆಯುವುದು ನಮ್ಮಲ್ಲಿ ಕಟ್ಟಳೆ. ಗೂಟ ಚಿಗುರಿ ಬೇರು ಬಿಟ್ಟರೆ ದಂಡೆ ಕುಸಿಯುವುದಿಲ್ಲ. ಅವಳು ತನ್ನದು ಮುಗಿಸಿ ನಮ್ಮದನ್ನೂ ಅಲ್ಲಾಡಿಸಿ ನೋಡುತ್ತಿದ್ದಳು. ಸಡಿಲವಿದ್ದರೆ ಕಿತ್ತು ನಮ್ಮ ಅಂಗಳಕ್ಕೆ ಎಸೆದು, "ಎಂತ ಗೂಟನೇ ಇದು, ಕೋಳಿ ಕಟ್ಟಿದ್ರೂ ಕಿತ್ಕಂಡ್ ಹೋಗ್ತದೆ" ಎನ್ನುತ್ತಿದ್ದಳು.

ನಮ್ಮ ಮನೆ ಗೋಡೆಗೆ ಗಿಲಾವು ಆಗಬೇಕಿತ್ತು. ಮರಳು ತೆಗೆಯುವವರು ಟ್ರ್ಯಾಕ್ಟರಿಗೆ ದಾರಿ ಬಿಟ್ಟರೆ ಎರಡು ಲೋಡು ಬಿಟ್ಟಿ ಅಂದರು. ಗಂಡ ಬೇಡ ಅಂದ. ನಾನೇ ಲಕ್ಕಿ ಕಡಿದು ಬುಡ ಕಿತ್ತೆ. ಕುಸಿದರೆ ನಮ್ಮ ದಂಡೆ ತಾನೇ ಅಂದುಕೊಂಡಿದ್ದೆ...

ಮರಳು ತೆಗೆಯತೊಡಗಿದ ಮೂರನೇ ದಿನ ಅತ್ತಿಗೆ ಕತ್ತಿ ಹಿಡಿದು ಬಂದು ಟ್ರ್ಯಾಕ್ಟರಿನ ಟಯರು ಸೀಳಿದಳು. ಲೋಡು ಮಾಡುವವನೊಬ್ಬ ಅವಳ ಜುಟ್ಟು ಹಿಡಿದ. ಅವಳು ಅವನ ಕೈಗೆ ಕತ್ತಿ ಬೀಸಿದಳು. ಅವನು ಸಲಿಕೆಯಲ್ಲಿ ಅವಳ ದವಡೆಗೆ ಹೊಡೆದ. ಎರಡು ಹಲ್ಲು ಮರಳಿಗೆ ಬಿದ್ದವು. ನಾನು ನೋಡುತ್ತ ನಿಂತಿದ್ದೆ. ಅವಳು ರಕ್ತ ಉಗುಳಿ ಬಂದು ನನ್ನ ಕೆನ್ನೆಗೆ ಬಾರಿಸಿದಳು.

"ನಮ್ ದಂಡೆ, ನಮ್ಮಿಷ್ಟ. ನಿಂಗೆಂತ?" ಅಂದೆ.

"ಹೊಳೆಗೆ ನಿಂದು ನಂದು ಗೊತ್ತಾಗ್ತದನೇ, ಮುಂಡೇದೇ?" ಅಂದಳು.

ಗಿಲಾವು ಆಯಿತು. ಆಷಾಢದ ನೆರೆ ನಮ್ಮ ಬೋಳು ದಂಡೆ ಒಡೆದು ನೇರ ಅವಳ ಗದ್ದೆಗೆ ನುಗ್ಗಿತು. ಮಧ್ಯಾಹ್ನದೊಳಗೆ ನೆಟ್ಟ ಸಸಿ ಸಮೇತ ಗದ್ದೆ ಹೋಯಿತು. ನಮಗೆ ಹೋದದ್ದು ನಾಲ್ಕು ಮಾರು ಜಾಗ.

ನೀರಿಳಿದ ದಿನ ಅವಳು ಹಾರೆ ಹೊತ್ತು ಬಂದಳು. ಬೈಗುಳವಿಲ್ಲ. ಎದುರಿನ ಗೋಡೆಯ ಗಿಲಾವನ್ನೆಲ್ಲ ಕುಟ್ಟಿ ಉದುರಿಸಿದಳು. ಗಂಡ ತಡೆಯಲು ಹೋದ, ಹಾರೆ ಅವನ ಮೊಣಕಾಲಿಗೆ ಬಿತ್ತು. ಸಾಯುವವರೆಗೂ ಕುಂಟಿದ. ಉದುರಿದ್ದನ್ನು ಬುಟ್ಟಿಗೆ ತುಂಬಿ, "ನನ್ ಗದ್ದೆ ಹಿಡ್ಕಂಡಿದ್ ಮರಳು, ನಿನ್ ಗೋಡೆಗೆ ಎಂತಕ್ಕೆ?" ಅಂದಳು. ಹೊತ್ತುಕೊಂಡು ಹೋಗಿ ಹೊಳೆಗೆ ಸುರಿದಳು...

ಆಮೇಲೆ ಕಾರ್ಗಲ್ ಕಡೆ ಅಣ್ಣನ ಮನೆ ಸೇರಿದಳು. ಹೋದ ವರ್ಷ ಅಲ್ಲೇ ತೀರಿಕೊಂಡಳು. ನಾನು ಹೋಗಲಿಲ್ಲ.

ಈಗ ನಮ್ಮ ದಂಡೆಗೆ ಸರ್ಕಾರದವರು ಕಲ್ಲು ಕಟ್ಟಿಸಿದ್ದಾರೆ. ಅವಳ ಗದ್ದೆ ಇದ್ದಲ್ಲಿ ಹೊಳೆ ಹರಿಯುತ್ತದೆ. ತಪ್ಪಾಯಿತು ಅಂತ ನಾನು ಅವಳಿಗೆ ಹೇಳಲೇ ಇಲ್ಲ. ಹೇಳಿದ್ದರೆ ಇನ್ನೊಂದು ಏಟು ಕೊಡುತ್ತಿದ್ದಳು. ತಿನ್ನಬೇಕಿತ್ತು.