ದಿಬ್ಬದ ಓಣಿಯ ಗಾಜಿನ ಪಟ್ಟಿಗಳು

ಸುಮಾ ಮೇಡಂ, ದಿಬ್ಬದ ಓಣಿಯ ಗೋಡೆಗಳ ಮೇಲೆ ನೀವು ಅಂಟಿಸಿದ್ದ ಗಾಜಿನ ಪಟ್ಟಿಗಳನ್ನು ಕಿತ್ತು, ಅದೇ ಜಾಗದಲ್ಲಿ ಬೇರೆ ಗಾಜು ಕೂರಿಸಿದವಳು ನಾನು. ಹನ್ನೊಂದು ಮನೆಗಳಲ್ಲಿ. ಅದರಲ್ಲಿ ಒಂದು ದಾದಾಪೀರಣ್ಣನ ಮನೆ.

ನಾನು ಗಂಗಮ್ಮ, ಹಳೆ ಬಾಗಿಲು-ಕಿಟಕಿ ವ್ಯಾಪಾರದವಳು. ನೀವು ಇಲ್ಲಿ ಎಂಜಿನಿಯರಾಗಿದ್ದಾಗ ನನ್ನನ್ನು 'ಅಕ್ಕಾರೆ' ಎನ್ನುತ್ತಿದ್ದಿರಿ. ಈ ಕಾಗದದ ಇನ್ನೊಂದು ಪ್ರತಿ ಪಟ್ಟಣದ ಕಚೇರಿಗೂ ಹೋಗುತ್ತದೆ. ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಬರೆಯಬೇಕಾಗಿದೆ.

ನಮ್ಮ ಓಣಿ ಹೊನ್ನಾಳಿಯಲ್ಲಿ ಹೊಳೆಯ ಕಡೆಗೆ ಇಳಿಯುವ ದಿಬ್ಬದ ಮೇಲಿದೆ. ಅಡಿಯಲ್ಲಿ ಜೇಡಿಮಣ್ಣು. ನೀರು ಕುಡಿದರೆ ಕೆಳಕ್ಕೆ ಜರುಗುತ್ತದೆ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ. ಪೂರ್ತಿ ನಿಲ್ಲಿಸಲಾಗದು, ನಿಧಾನ ಮಾಡಬಹುದು ಎಂದು ಹೇಳಿದವರು ನೀವೇ. ದಿಬ್ಬದ ಬುಡಕ್ಕೆ ತಂತಿಬಲೆಯಲ್ಲಿ ಕಲ್ಲು ತುಂಬಿ ಇಡಿಸಿದಿರಿ. ಹಿತ್ತಲಿನ ಇಂಗುಗುಂಡಿಗಳನ್ನು ಮುಚ್ಚಿಸಿದಿರಿ. ಒಳಗಿನ ನೀರು ಬಸಿದು ಹೋಗಲೆಂದು ಮೆಷಿನ್ ತರಿಸಿ ತೂತಿನ ಪೈಪುಗಳನ್ನು ಮಣ್ಣಿಗೆ ತೂರಿಸತೊಡಗಿದಿರಿ. ಕೆಲಸ ಫಲಿಸುತ್ತಿದೆಯೇ ಎಂದು ನೋಡಲು ಪ್ರತಿ ಮನೆಯ ಬಿರುಕಿಗೆ ಅಡ್ಡಲಾಗಿ ಬೆರಳಗಲದ ಗಾಜು, ಎರಡೂ ತುದಿಗೆ ಸಿಮೆಂಟು, ಪಕ್ಕದಲ್ಲಿ ಕೆಂಪು ಬಣ್ಣದ ತಾರೀಖು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಹದಿನೈದು ದಿನಕ್ಕೊಮ್ಮೆ ಬಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಿರಿ. ಎರಡು ಸಲ ಒಡೆದರೆ ಆ ಮನೆ ಖಾಲಿ ಮಾಡಿಸುವ ಪಟ್ಟಿಗೆ.

ನಮ್ಮ ಗಾಜು ಎರಡನೇ ಸಲ ಒಡೆದದ್ದು ಶುಕ್ರವಾರ. ಭಾನುವಾರ ನ್ಯಾಮತಿಯಿಂದ ಮಗಳನ್ನು ನೋಡಲು ಬರುವವರಿದ್ದರು. ಪಟ್ಟಿಗೆ ಬಿದ್ದ ಮನೆಯಲ್ಲಿ ಕೂತು ಯಾರು ತಟ್ಟೆಯ ಉಪ್ಪಿಟ್ಟು ಮುಟ್ಟುತ್ತಾರೆ? ಅಂಗಡಿಯಲ್ಲಿ ಕಿಟಕಿ ಗಾಜಿಗೆ ಬರವಿರಲಿಲ್ಲ. ಹೊಸ ಮರಕ್ಕೆ ಚಹಾದ ಡಿಕಾಕ್ಷನ್ ಬಳಿದು, ಬೂದಿ ಉಜ್ಜಿ, ಹಳೆ ಕಾಲದ ಬಾಗಿಲೆಂದು ಮಾರಿದ ಕೈ ಇದು. ಹಸಿ ಸಿಮೆಂಟಿಗೂ ಅದನ್ನೇ ಮಾಡಿದೆ. ನೀವು ಏಳರ ಅಂಕಿಯ ಸೊಂಟಕ್ಕೆ ಎಳೆಯುವ ಅಡ್ಡಗೀಟನ್ನೂ ಬಿಡದೆ ಹಳೆಯ ತಾರೀಖನ್ನೇ ಮತ್ತೆ ಬರೆದೆ.

ಸಂಬಂಧ ಕುದುರಿತು. ಅಲ್ಲಿಗೇ ಸುಮ್ಮನಾಗಿದ್ದರೆ... ಇಲ್ಲ, ಆಗಲೂ ತಪ್ಪು ತಪ್ಪೇ. ಆದರೆ ಒಂದು ಉಪಾಯ ಸಿಕ್ಕರೆ ನಾಲ್ಕು ಜನಕ್ಕೆ ಹೇಳದೆ ನನಗೆ ಉಂಡದ್ದು ಅರಗುವುದಿಲ್ಲ.

ಪಕ್ಕದ ಮನೆಯ ದಾದಾಪೀರಣ್ಣ ಹಿತ್ತಲಿನಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ. ಅವನ ಮನೆಯ ಗಾಜು ಒಡೆದಾಗ ಚೂರುಗಳನ್ನು ಪೇಪರಿನಲ್ಲಿ ಸುತ್ತಿ ಇಟ್ಟಿದ್ದ.

"ಮೇಡಂ ಬರ್ಲಿ, ತೋರುಸ್ತೀನಿ" ಎಂದ.

"ತೋರ್ಸು, ನಾಳೇನೇ ಬೀಗ ಜಡೀತಾರೆ. ಒಡದಿದ್ ಗಾಜು ಮನ್ಯಾಗೆ ಇಟ್ಕಬಾರ್ದು ಅಂತ ನಿಮ್ಮಮ್ಮ ಹೇಳಿಲ್ಲೇನು?"

"ಹೇಳ್ಯಾಳೆ. ಆದ್ರೆ ಗ್ವಾಡೆ ಜರುಗ್ತಾ ಐತಲ್ಲ ಗಂಗಕ್ಕ?"

"ನಮ್ಮಜ್ಜನ ಕಾಲದಿಂದ ಜರುಗ್ತಾ ಐತೆ. ನೀನು ನಿನ್ನ ಚೈನು ನೋಡ್ಕ, ಗಾಜು ನಾನು ನೋಡ್ಕಂತೀನಿ."

ಅವನು ನಕ್ಕ. "ನಿನ್ ಬಾಯಿಗೆ ಸಿಕ್ರೆ ಹೊಳೀನೂ ಹಿಂದಕ್ಕೆ ಹರಿಯಾಕೆ ಒಪ್ಕಂತೈತೆ ಬಿಡು" ಎಂದು ಪೊಟ್ಟಣವನ್ನು ನನ್ನ ಕೈಗಿಟ್ಟ.

ಒಡೆದ ಗಾಜು ಅಪಶಕುನ. ಆ ಮಾತು ಪ್ರತಿ ಮನೆಯಲ್ಲೂ ನಡೆಯಿತು. ಹೆಂಗಸರು ಚೂರು ತಂದುಕೊಟ್ಟು ಹೊಸ ಗಾಜು ಹಾಕಿಸಿಕೊಂಡರು, ಹಬ್ಬದ ಮುಂಚೆ ಮನೆ ಸಾರಿಸಿದಷ್ಟು ಸಲೀಸಾಗಿ. ತಪ್ಪು ಎಂದು ಯಾರಿಗೂ ಅನ್ನಿಸಲಿಲ್ಲ. ಗೊತ್ತಿದ್ದವಳು ನಾನೊಬ್ಬಳು.

ನಿಮ್ಮ ಪುಸ್ತಕದಲ್ಲಿ ತಿಂಗಳುಗಟ್ಟಲೆ ಒಂದು ಗಾಜೂ ಒಡೆಯಲಿಲ್ಲ. "ಅಕ್ಕಾರೆ, ನಿಮ್ಮ ಓಣಿ ಉಳೀತು ನೋಡ್ರಿ" ಎಂದಿರಿ ಒಂದು ದಿನ. ನಾನು ಹ್ಞೂಂ ಎಂದೆ. ಓಣಿ ಉಳಿಯಿತೆಂದೇ ನಮ್ಮಲ್ಲಿ ಪೈಪಿನ ಕೆಲಸ ಅರ್ಧಕ್ಕೆ ನಿಂತು, ಮೆಷಿನ್ ಆಚೆ ಓಣಿಗೆ ಹೋಯಿತು.

ಮುಂದಿನ ಮಳೆಗಾಲದ ಒಂದು ಮಧ್ಯಾಹ್ನ ದಾದಾಪೀರಣ್ಣನ ಹಿಂದಿನ ಗೋಡೆ ಕುಸಿಯಿತು. ಗೋಡೆಗೆ ಬೆನ್ನು ಕೊಟ್ಟು ಕೂತು ಅವನು ಚಕ್ರ ಬಿಚ್ಚುತ್ತಿದ್ದ. ಸೊಂಟ ಮುರಿಯಿತು. ಈಗ ವಾಕರ್ ಹಿಡಿದು ನಡೆಯುತ್ತಾನೆ. ಕುಕ್ಕರುಗಾಲಲ್ಲಿ ಕೂರಲಾಗದವನು ಸೈಕಲ್ ರಿಪೇರಿ ಹೇಗೆ ಮಾಡುತ್ತಾನೆ?

ಆಮೇಲೆ ಶಾಲೆಯ ಹಾಲಿನಲ್ಲಿ ಸಭೆ. ಮನೆಯಲ್ಲಿ ಕೂತು ಪುಸ್ತಕ ತುಂಬಿಸಿದ್ದೀರೆಂದು ನಿಮ್ಮ ಮೇಲೆ ಕೂಗಾಟ. "ಇವ್ರು ಓಣಿಗೆ ಬರ್ತಿದ್ರೋ ಇಲ್ವೋ, ಯಾರಾದ್ರೂ ಹೇಳ್ರಿ" ಎಂದರು ಹಿರಿಯ ಅಧಿಕಾರಿ. ಎಲ್ಲರೂ ನನ್ನ ಕಡೆ ತಿರುಗಿದರು. ನೀವೂ ತಿರುಗಿದಿರಿ — ನಂಬಿಕೆಯಿಂದ, ಅದನ್ನು ನಾನು ಕಂಡೆ.

"ಬರ್ತಿದ್ರು ಸರ್" ಎಂದೆ. "ಬಂದು ನಮ್ಮನ್ಯಾಗೆ ಚಾ ಕುಡ್ಕಂಡು ಹೋಗ್ತಿದ್ರು."

ಹಾಲಿಗೆ ಹಾಲೇ ನಕ್ಕಿತು. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅಷ್ಟು ಚಾಲಾಕಿತನ ನನಗಿದೆ. ನೀವು ಪುಸ್ತಕ ಮುಚ್ಚಿದಿರಿ. ಆ ಕೆಲಸದಿಂದ ತೆಗೆದು ನಿಮ್ಮನ್ನು ಜಗಳೂರಿನ ಕಡೆ ಕಳಿಸಿದರೆಂದು ಆಮೇಲೆ ಗೊತ್ತಾಯಿತು.

ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಈಗ ನಮ್ಮ ಅಡುಗೆಮನೆಯ ಬಿರುಕಿನಲ್ಲಿ ಬೆರಳು ತೂರುತ್ತದೆ. ಮಳೆಗೆ ಇನ್ನು ಕೆಲವೇ ವಾರ. ಹೊಸ ಎಂಜಿನಿಯರು ದಾದಾಪೀರಣ್ಣನದು ಬರೀ ಹಳೇ ಗೋಡೆ ಎಂದುಕೊಂಡಿದ್ದಾರೆ. ಉಳಿದ ಹತ್ತು ಮನೆಗಳಲ್ಲಿ ಗಾಜು ಒಡೆದಿಲ್ಲವೆಂದು ಪುಸ್ತಕವೂ ಗೋಡೆಯೂ ಹೇಳುತ್ತವೆ, ಅದಕ್ಕೇ ಪೈಪಿನ ಕೆಲಸ ಮೊದಲು ಆಚೆ ಓಣಿಗೆ ಅನ್ನುತ್ತಾರೆ. ನಿನ್ನೆ ಕೊನೆಮನೆಯ ರತ್ನವ್ವ ಅಂಗಡಿಗೆ ಬಂದಳು. "ಗಂಗಕ್ಕ, ಇನ್ನೊಂದು ಪೀಸು ಗಾಜು ಐತೇನು?" ಐತೆ ಅನ್ನಲು ನನ್ನ ಬಾಯಿ ತೆರೆದೇ ಬಿಟ್ಟಿತ್ತು.

ದಾದಾಪೀರಣ್ಣನಿಗೆ ಎಲ್ಲ ಹೇಳಿದೆ. ಅವನು ವಾಕರ್ ತಿರುಗಿಸಿಕೊಂಡು ಬಾಗಿಲ ತನಕ ಹೋದ. ಆಮೇಲೆ "ನನ್ ಹೆಸ್ರೂ ಬರಿ. ನಾನೇನು ಕೂಸಾ, ನೀನು ಹೇಳಿದ್ಕೆಲ್ಲ ಹೂಂ ಅನ್ನಾಕೆ?" ಎಂದ. ಅರ್ಧ ಭಾರ ಇಳಿಯಿತೆಂದು ಮನಸ್ಸು ಕೂಡಲೇ ಚೌಕಾಶಿಗೆ ಕೂತಿತು. ಅದಕ್ಕೇ ಈ ಕಾಗದಕ್ಕೆ ಅವನ ಸಹಿ ಹಾಕಿಸಿಲ್ಲ.

ಹನ್ನೊಂದು ಮನೆಗಳ ನಂಬರು, ಯಾವ ಗಾಜು ಯಾವಾಗ ಒಡೆಯಿತೆಂದು ನೆನಪಿದ್ದಷ್ಟು, ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ. ಮೊದಲನೆಯದು ನನ್ನ ಮನೆ. ನಾಳೆ ಕಚೇರಿ ತೆರೆಯುವ ಹೊತ್ತಿಗೆ ಕೊಟ್ಟು ಬರುತ್ತೇನೆ. ನಿಮ್ಮ ಕ್ಷಮೆ ಕೇಳಲು ನನಗೆ ಮುಖವಿಲ್ಲ, ಕೇಳುವುದೂ ಇಲ್ಲ.

ಇವತ್ತು ಮನೆಮನೆಗೂ ಹೋಗಿ, ಮಳೆ ಬರುವ ಮುಂಚೆ ಹಿಂದಿನ ಕೋಣೆ ಬಿಡಿ ಎಂದು ಹೇಳಿದೆ. ನನ್ನ ಸುಳ್ಳನ್ನು ಒಂದೇ ಮಾತಿಗೆ ಒಪ್ಪಿದವರು ಇದನ್ನು ಒಪ್ಪಲಿಲ್ಲ. "ಇದ್ರಾಗೆ ನಿಂದೇನೋ ವ್ಯಾಪಾರ ಐತೆ" ಎಂದು ರತ್ನವ್ವ ನಕ್ಕಳು.

ಅದಕ್ಕೇ ಮೊದಲು ನನ್ನ ಮನೆಯ ಮಂಚ, ಬೀರು, ಪಾತ್ರೆ, ಎಲ್ಲವನ್ನೂ ಓಣಿಗೆ ಇಳಿಸುತ್ತಿದ್ದೇನೆ, ಎಲ್ಲರ ಕಣ್ಣೆದುರಿಗೆ, ಒಂದೊಂದಾಗಿ.