ಕಾಯುವವಳ ಆಟ

ಕಲ್ಲಂಗಡಿ ಕೊಳ್ಳುವ ಮುನ್ನ ನಾನು ಬೆರಳ ಗಂಟಿನಿಂದ ಅದನ್ನೊಮ್ಮೆ ತಟ್ಟಿ, ಕಿವಿಗೆ ಹತ್ತಿರ ಹಿಡಿದು, ಗಂಭೀರವಾಗಿ ತಲೆಯಾಡಿಸಿ, ಕೆಳಗಿಟ್ಟು, ಪಕ್ಕದ್ದನ್ನು ಎತ್ತಿಕೊಳ್ಳುತ್ತೇನೆ. ಯಾವ ಸದ್ದು ಬಂದರೆ ಹಣ್ಣು, ಯಾವ ಸದ್ದು ಬಂದರೆ ಕಾಯಿ ಎಂಬ ರಹಸ್ಯ ಈ ವಯಸ್ಸಿನವರೆಗೂ ನನಗೆ ತಿಳಿದಿಲ್ಲ. ತಟ್ಟದೆ ಕೊಂಡರೆ ಮಾರುವವನು ನನ್ನನ್ನು ಏನೆಂದುಕೊಂಡಾನು ಎಂಬ ಅಳುಕಿನಿಂದ ತಟ್ಟುತ್ತೇನೆ, ಅಷ್ಟೆ. ನೀವೂ ತಟ್ಟುತ್ತೀರಿ, ಸಂಕೋಚ ಬೇಡ. ನಮ್ಮ ಕೆ.ಆರ್. ಪೇಟೆಯ ಕಡೆಯಂತೂ ತಟ್ಟಿ ನೋಡದೆ ಯಾವುದನ್ನೂ ಒಪ್ಪುವ ಸಂಪ್ರದಾಯವೇ ಇಲ್ಲ. ಎಳಗರುವಿನ ಸುಳಿ ನೋಡುತ್ತಾರೆ, ತೆಂಗಿನಕಾಯಿಯನ್ನು ಅಲ್ಲಾಡಿಸುತ್ತಾರೆ, ಹೊಸ ಅಳಿಯನಿಗೆ ಮುದ್ದೆ ಬಡಿಸಿ ಅವನು ಅದನ್ನು ಮುರಿದು ನುಂಗುವ ವೈಖರಿಯನ್ನು ಓರೆಗಣ್ಣಿನಿಂದ ಪರಾಂಬರಿಸುತ್ತಾರೆ. ಈ ಸಮಸ್ತ ಪರೀಕ್ಷಾವಿದ್ಯೆಯೂ ಹೋದ ವರ್ಷ ಒಟ್ಟುಗೂಡಿ ಪೂರ್ಣಿಮ ಎಂಬ ಒಬ್ಬ ಹುಡುಗಿಯ ಮೇಲೆ ಎರಗಿತು.

ಪೂರ್ಣಿಮ ಕಿಕ್ಕೇರಿಯಲ್ಲಿ ಬಾಗಿಲು ಕಿಟಕಿ ಮಾಡುವ ಆಚಾರಿಯೊಬ್ಬರ ಮಗಳು. ಎಷ್ಟು ಎತ್ತರವೆಂದರೆ, ಅಪ್ಪ ತನ್ನ ಮನೆಯ ಬಾಗಿಲಿನ ಚೌಕಟ್ಟನ್ನೇ ಬಿಚ್ಚಿ ಎತ್ತರಿಸಿ ಕೂರಿಸಬೇಕಾಯಿತು. ರಾಜ್ಯದ ಹೆಣ್ಣುಮಕ್ಕಳಿಗಾಗಿ ಹೊಸದಾಗಿ ಬ್ಯಾಸ್ಕೆಟ್‌ಬಾಲ್ ಲೀಗೊಂದು ಶುರುವಾಗಿ, ತಂಡದವರು ಸರದಿಯ ಮೇಲೆ ಒಬ್ಬೊಬ್ಬ ಹೊಸ ಆಟಗಾರ್ತಿಯನ್ನು ಹೆಕ್ಕಿಕೊಳ್ಳುವಾಗ, ಕರಾವಳಿಯ ತಂಡ ಕೊನೆಯ ಸುತ್ತಿನಲ್ಲಿ ಇವಳ ಹೆಸರು ಹೇಳಿತು. ಮೊದಲ ಸುತ್ತಾದರೇನು, ಕೊನೆಯದಾದರೇನು, ನಾಲ್ಕು ತಾಲ್ಲೂಕಿನವರು ಒಂದೇ ದಿನದಲ್ಲಿ ಅವಳನ್ನು ಹಂಚಿಕೊಂಡರು. ಹುಟ್ಟಿದ್ದು ಕಿಕ್ಕೇರಿ, ಆದ್ದರಿಂದ ನಮ್ಮವಳು ಎಂದೆವು ನಾವು. ಆ ಎತ್ತರ ತಾಯಿಯ ತವರಿನಿಂದ ಬಂದದ್ದು ಎಂದರು ನಾಗಮಂಗಲದವರು. ಹಾಸ್ಟೆಲಿನಲ್ಲಿದ್ದು ಚೆಂಡು ಹಿಡಿಯಲು ಕಲಿತದ್ದು ಪಾಂಡವಪುರದಲ್ಲಿ, ಇದಕ್ಕೆ ಯಾರ ತಕರಾರೂ ಇರಲಿಲ್ಲ. ಹಿಡಿದುಕೊಳ್ಳಲು ಏನೂ ಸಿಗದ ಶ್ರೀರಂಗಪಟ್ಟಣದವರು, ಮೈಸೂರಿಗೆ ಹೋಗಬೇಕಾದರೆ ಅವಳು ನಮ್ಮೂರಿನ ಮೇಲೇ ತಾನೆ ಹೋಗಬೇಕು ಎಂದರಂತೆ.

ನನಗೂ ಒಂದು ಪಾಲಿತ್ತು. ಆಗ ನಾನು ಪಾಂಡವಪುರದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಗಂಟೆ ಹೊಡೆದ ಮೇಲೆ ತರಗತಿಯ ಬಾಗಿಲಲ್ಲಿ ಮೊಣಕಾಲು ಬಗ್ಗಿಸಿ, ಎರಡೂ ಕೈ ಚಾಚಿ, ಏಡಿಯಂತೆ ಅತ್ತಿಂದಿತ್ತ ಸರಿಯುತ್ತ ಗೆಳತಿಯರನ್ನು ಹೊರಗೆ ಬಿಡದೆ ಸತಾಯಿಸುವ ಹುಡುಗಿಯೊಬ್ಬಳಿದ್ದಳು. ಒಮ್ಮೆ ಹಾಜರಿ ಪುಸ್ತಕ ಎದೆಗವಚಿಕೊಂಡು ಹೊರಟ ನನ್ನನ್ನೂ ತಡೆದಳು. ನಾನು ಬಲಕ್ಕೆ ಸರಿದರೆ ಬಲಕ್ಕೆ, ಎಡಕ್ಕೆ ಸರಿದರೆ ಎಡಕ್ಕೆ. ಯಾರೆಂದು ನೋಡಿದ ಮೇಲೆ "ಅಯ್ಯೋ ಮೇಡಂ!" ಎಂದು ನಾಲಗೆ ಕಚ್ಚಿಕೊಂಡು ಗೋಡೆಗೆ ಅಂಟಿ ನಿಂತಳು. ಆ ಕ್ಷಣದಲ್ಲಿ ಒಬ್ಬ ಕ್ರೀಡಾಪಟುವನ್ನು ಗುರುತಿಸುವ ಅವಕಾಶ ನನಗೆ ಒದಗಿತ್ತು. ನಾನು ಗುರುತಿಸಿದ್ದು ಶಿಸ್ತಿನ ಕೊರತೆಯನ್ನು ಮಾತ್ರ.

ಈಗ ನಾನಿರುವುದು ಕೆ.ಆರ್. ಪೇಟೆಯಲ್ಲಿ. ನಮ್ಮ ಮನೆಯ ಎದುರಿಗೇ ಪೂರ್ಣಿಮಳ ದೊಡ್ಡಪ್ಪ ನಾಗಾಚಾರ್ ಅವರ ಚಿನ್ನದ ಕೆಲಸದ ಅಂಗಡಿ. ಲೀಗು ಶುರುವಾದ ಮೇಲೆ ಆ ಅಂಗಡಿಯಲ್ಲಿ ಚಿನ್ನಕ್ಕಿಂತ ಹೆಚ್ಚಾಗಿ ಪೂರ್ಣಿಮಳನ್ನು ಒರೆಗೆ ಹಚ್ಚಲಾಯಿತು. ಆಟವಿದ್ದ ಸಂಜೆ ನಾಗಾಚಾರ್ ಮೊಬೈಲನ್ನು ಡಬ್ಬಿಯೊಂದಕ್ಕೆ ಒರಗಿಸಿ ನಿಲ್ಲಿಸುತ್ತಿದ್ದರು, ಸುತ್ತ ನಾವು. ನಮ್ಮ ಪ್ರಧಾನ ವಿಮರ್ಶಕ ಬೂಕನಕೆರೆಯ ಶಿವಣ್ಣ. ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಶಿವಣ್ಣ ಯೌವನದಲ್ಲಿ ಕಬಡ್ಡಿಯ ಹೆಸರಾಂತ ರೈಡರು. ಎದುರಾಳಿಯ ಅಂಗಳಕ್ಕೆ ನುಗ್ಗಿ ಮುಟ್ಟಿ ಬರುವುದೇ ಪುರುಷಾರ್ಥವೆಂದು ನಂಬಿದ ಆತನಿಗೆ ಕರಾವಳಿ ತಂಡ ಪೂರ್ಣಿಮಳನ್ನು ಆರಿಸಿದ್ದು 'ತಡೆಯುವುದಕ್ಕೆ' ಎಂಬ ಸುದ್ದಿ ಜೀರ್ಣವಾಗಲಿಲ್ಲ.

"ತಡಿಯೋದೂ ಒಂದು ಆಟವಾ ಆಚಾರ್ರೆ? ಅಂಗಾದ್ರೆ ನಮ್ ಗದ್ದೆ ಬೇಲಿನೂ ಆಡ್ತದೆ ಬುಡಿ."

"ಕೋಚು ನೋಡಿ ತಕಂಡವ್ರೆ ಶಿವಣ್ಣ. ಸುಮ್ಸುಮ್ನೆ ತಕತಾರಾ?"

"ಬಾಲ್ ಕೈಗೆ ಬಂದೇಟ್ಗೆ ಪಕ್ಕದೋರ್ಗೆ ಕೊಟ್ಬುಡ್ತದಲ್ರೀ. ಕೂಸು ಕರ್ಣನ ವಂಶದ್ದಾ?"

ಮೊದಮೊದಲ ಆಟಗಳಲ್ಲಿ ಅವಳನ್ನು ಅಂಗಳಕ್ಕೇ ಇಳಿಸಲಿಲ್ಲ. ಬೆಂಚಿನ ತುದಿಯಲ್ಲಿ ಕೂತವಳು ಪರದೆಯಲ್ಲಿ ಯಾವಾಗಲಾದರೊಮ್ಮೆ ಮಿಂಚಿ ಮರೆಯಾಗುತ್ತಿದ್ದಳು. ಶಿವಣ್ಣ ಅದನ್ನೂ ಬಿಡದೆ, "ಕೂರೋದೇನೋ ಚೆನ್ನಾಗೇ ಕೂರ್ತದೆ" ಎಂದು ಷರಾ ಬರೆದ. ಆಮೇಲೆ ಆಡಿಸತೊಡಗಿದರು. ಆಟ ಮುಗಿದಾಗ ಅವಳ ಹೆಸರಿನ ಮುಂದೆ ಸೊನ್ನೆ. ಮುಂದಿನ ಆಟದಲ್ಲೂ ಸೊನ್ನೆ. ಕನ್ನಡದ ಮೇಷ್ಟರಮ್ಮನಾಗಿ ನನ್ನ ಪಾಲಿನ ಪಾಂಡಿತ್ಯವನ್ನು ಪ್ರದರ್ಶಿಸದಿದ್ದರೆ ಹೇಗೆಂದು ನಾನೂ ಬಾಯಿ ಹಾಕಿದೆ. ಕನ್ನಡದಲ್ಲಿ ಕಾಯುವುದೆಂದರೆ ರಕ್ಷಿಸುವುದು, ಕಾಯುವುದೆಂದರೆ ಎದುರುನೋಡುವುದು, ಒಲೆಯ ಮೇಲಿನ ಹಾಲು ಮಾಡುವುದೂ ಕಾಯುವುದನ್ನೇ; ಇವಳು ಕಾಯುವವಳು, ಸದ್ಯಕ್ಕೆ ಕಾಯಿ, ಹಣ್ಣಾಗುವವರೆಗೆ ನಾವು ಕಾಯಬೇಕು ಎಂದೆ. ಶ್ಲೇಷೆಗೆ ನಾನೇ ಮೆಚ್ಚಿ ನಕ್ಕೆ. ಶಿವಣ್ಣ ಮಾತ್ರ ನಿರ್ವಿಕಾರವಾಗಿ, "ಕೆಲವು ಕಾಯಿ ಅಂಗೇ ಉದ್ರೋಯ್ತವೆ ಮೇಡಮ್ಮೋರೆ" ಎಂದ.

ಈ ಮಾತು ನಡೆಯುವಾಗ ಹುಡುಗಿಯ ತಾಯಿ ಸಾವಿತ್ರಮ್ಮ ಅಂಗಡಿಯ ಒಳಬಾಗಿಲಲ್ಲಿ ನಿಂತಿದ್ದರು. ಯಾವುದೋ ಕೆಲಸಕ್ಕೆ ಕಿಕ್ಕೇರಿಯಿಂದ ಬಂದವರು. ಪರದೆಯ ಕಡೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. "ಯಾರಾರಾ ತಳ್ಬುಟ್ರೆ ನನ್ ಕೈಲಿ ನೋಡಾಕಾಗಕಿಲ್ಲ" ಎನ್ನುತ್ತಿದ್ದರು. ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಈ ಸಲ ಆಡ್ಲಿ ಅಂತ ಒಪ್ಕಂಡಿವ್ನಿ ಮೇಡಂ. ಟೀಮ್ನೋರು ಮುಂದ್ಕೂ ಇಟ್ಕತೀವಿ ಅಂದ್ರೆ ಸರಿ. ಬ್ಯಾಡ ಅಂದ್ಬುಟ್ರೆ ಅರ್ಧಕ್ಕೆ ನಿಂತಿರೋ ಡಿಗ್ರಿ ಮುಗಿಸ್ಲಿ. ಅವ್ಳೂ ಊಂ ಅಂದವ್ಳೆ" ಎಂದರು. ಆಗ ನಮ್ಮೆಲ್ಲರ ತಟ್ಟಿ ನೋಡುವ ವಿನೋದ ಸ್ವಲ್ಪ ತಣ್ಣಗಾಯಿತು. ನಮಗೆ ಅದು ಸಂಜೆಯ ಹೊತ್ತುಗಳೆಯುವ ಮಾತು. ಆ ಮನೆಯಲ್ಲಿ ಅದು ಒಬ್ಬ ಹುಡುಗಿ ತನ್ನ ಇಷ್ಟದ ಬದುಕಿಗಾಗಿ ಬೇಡಿ ಪಡೆದ ಒಂದೇ ಒಂದು ಹಂಗಾಮು.

ನಮ್ಮ ಕಣ್ಣು ತೆರೆದದ್ದು ಒಂದು ಸಂಜೆ, ಆಕಸ್ಮಿಕವಾಗಿ. ಅಂದು ಎದುರಾಳಿ ತಂಡದಲ್ಲಿ ಒಬ್ಬಳು ಪ್ರಚಂಡ ಆಟಗಾರ್ತಿಯಿದ್ದಳು. ಹಿಂದಿನ ಆಟದಲ್ಲಿ ಬುಟ್ಟಿಯೊಳಗೆ ಚೆಂಡಿನ ಮಳೆಯನ್ನೇ ಸುರಿಸಿದ್ದವಳು. ಅರ್ಧ ಆಟ ಕಳೆದರೂ ಅವಳ ಸುದ್ದಿಯೇ ಇಲ್ಲ. ವೀಕ್ಷಕ ವಿವರಣೆಕಾರನೂ ಅವಳೆಲ್ಲಿ ಎಂದು ಕೇಳತೊಡಗಿದ. ನಾವೆಲ್ಲ ಚೆಂಡನ್ನು ಬಿಟ್ಟು ಅವಳನ್ನು ಹುಡುಕಲು ಪರದೆಯ ಮೇಲೆ ಬಾಗಿದೆವು. ಶಿವಣ್ಣ ಇದ್ದಕ್ಕಿದ್ದಂತೆ ಮಂಡಿ ತಟ್ಟಿ ಎದ್ದ.

"ಲೇ, ನೋಡ್ರಲಾ! ನಮ್ ಪೂರ್ಣಿ ಆ ಎಣ್ಣಿನ ಮುಂದ್ಗಡೆ ಬಾಗ್ಲಾಕ್ಕಂಡು ನಿಂತದೆ!"

ನಿಜ. ಆ ಹುಡುಗಿ ಎಡಕ್ಕೆ ಓಡಿದರೆ ಪೂರ್ಣಿಮ ಮೊದಲೇ ಎಡದಲ್ಲಿ. ಚೆಂಡಿಗೆ ಕೈ ಚಾಚಿದರೆ ಆ ಕೈಗೂ ಚೆಂಡಿಗೂ ನಡುವೆ ಇನ್ನೊಂದು ಕೈ. ಬಾಗಿಲಲ್ಲಿ ನನ್ನನ್ನು ತಡೆದ ಅದೇ ಏಡಿನಡಿಗೆ. ಅಂದಿನಿಂದ ನಾವು ಆಟ ನೋಡುವ ರೀತಿಯೇ ಬದಲಾಯಿತು. ಚೆಂಡನ್ನು ನೋಡಬಾರದು, ಚೆಂಡಿಲ್ಲದವಳನ್ನು ನೋಡಬೇಕು. ಹೇಳಿದಷ್ಟು ಸುಲಭವಲ್ಲ ಅದು. ಕಣ್ಣೆಂಬ ಚಪಲ ಪ್ರಾಣಿ ಹೊಳೆಯುವುದರ ಹಿಂದೆಯೇ ಓಡುತ್ತದೆ. ಅದನ್ನು ಕಿವಿ ಹಿಡಿದು ಎಳೆತಂದು ಏನೂ ಆಗದಿರುವ ಕಡೆ ನಿಲ್ಲಿಸಬೇಕು.

ಕರಾವಳಿ ತಂಡ ಸೆಮಿಫೈನಲ್ ತಲುಪಿತು. ಎದುರಾಳಿ ಮೈಸೂರು, ಆಟವೂ ಮೈಸೂರಿನಲ್ಲೇ. ನಾಗಾಚಾರ್ ಒಂದು ಟೆಂಪೊ ಮಾತಾಡಿದರು. ಇಷ್ಟು ಹತ್ತಿರ ಬಂದವಳಿಗೆ ಏನಾದರೂ ಕೊಟ್ಟು ಬರೋಣವೆಂಬ ನೆಪದಲ್ಲಿ ಕೋಡುಬಳೆ ಡಬ್ಬ ಹಿಡಿದು ಸಾವಿತ್ರಮ್ಮನೂ ಹತ್ತಿದರು. ಶ್ರೀರಂಗಪಟ್ಟಣದಲ್ಲಿ ಕಾಫಿಗೆ ಇಳಿದಾಗ ನನ್ನ ಕಣ್ಣು ಕೋಟೆಯ ಕಡೆ ಹೋಯಿತು. ಕಾಲೇಜಿನ ಮಕ್ಕಳನ್ನು ಎಷ್ಟೋ ಸಲ ಅಲ್ಲಿಗೆ ಕರೆತಂದಿದ್ದೇನೆ. ಶತ್ರು ಒಳನುಗ್ಗಿದ ಒಡಕಿನ ಮುಂದೆ ಎಲ್ಲರೂ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಒಡೆಯದೆ ನಿಂತ ಗೋಡೆ ಎಷ್ಟುದ್ದವಿದೆಯಲ್ಲ, ಅದರ ಬಳಿ ಆ ದಿನ ಒಂದು ಎಮ್ಮೆ ಮಾತ್ರ ಬೆನ್ನುಜ್ಜಿಕೊಳ್ಳುತ್ತಿತ್ತು.

ಒಳಾಂಗಣ ತುಂಬ ಮೈಸೂರಿನ ಅಭಿಮಾನಿಗಳು. ನಡುವೆ ನಾವೊಂದು ಗುಂಪು, ಮಂಡ್ಯದ ಸೀಮೆಯಿಂದ ಬಂದು ಕಡಲ ತೀರದವರಿಗೆ ಜೈ ಎನ್ನುತ್ತ ಎಲ್ಲರ ವಕ್ರದೃಷ್ಟಿಗೆ ಪಾತ್ರರಾಗಿದ್ದೆವು. ಸಾವಿತ್ರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ತಮ್ಮ ಪಾದಗಳನ್ನೇ ನೋಡುತ್ತಿದ್ದರು. ಮೈಸೂರಿನ ನಾಯಕಿ ಸಿಡಿಲಿನಂಥವಳು. ಅವಳನ್ನು ಕಾಯುವ ಹೊಣೆ ಪೂರ್ಣಿಮಳದು. ಕೆಲವು ಸಲ ಸಿಡಿಲು ತಪ್ಪಿಸಿಕೊಂಡು ಹೋಗಿ ಬಡಿಯಿತು, ಬಹಳ ಸಲ ದಾರಿ ಕಾಣದೆ ಹಿಂದಿರುಗಿತು. ಕೊನೆಯ ಗಳಿಗೆಯಲ್ಲಿ ಕರಾವಳಿ ಒಂದೇ ಒಂದು ಅಂಕದಿಂದ ಮುಂದಿತ್ತು. ಪೂರ್ಣಿಮಳ ಕೈಗೆ ಚೆಂಡು ಬಂತು. ಎದುರಿಗೆ ಯಾರೂ ಇಲ್ಲ. "ಆಕವ್ವಾ!" ಎಂದು ಶಿವಣ್ಣ ಗಂಟಲು ಹರಿಯುವಂತೆ ಕೂಗಿದ. ಅವಳು ಎಸೆದಳು. ಚೆಂಡು ಬುಟ್ಟಿಯ ಬಳೆಯ ಅಂಚಿಗೆ ತಗುಲಿ, ಅಲ್ಲೇ ಒಂದು ಸುತ್ತು ಉರುಳಿ, ಹೊರಗೆ ಬಿತ್ತು. ಮೈಸೂರಿನ ಜನ ಹೋ ಎಂದರು. ಶಿವಣ್ಣ ತಲೆಯ ಮೇಲೆ ಕೈ ಹೊತ್ತು ಕುಸಿದು ಕೂತ.

ಚೆಂಡು ಮೈಸೂರಿನ ನಾಯಕಿಯ ಕೈ ಸೇರಿತ್ತು. ಅವಳು ಅಂಗಳದ ಉದ್ದಕ್ಕೂ ಬಾಣದಂತೆ ಬರುತ್ತಿದ್ದಳು. ತಪ್ಪಿದ ಎಸೆತಕ್ಕೆ ಮರುಗುತ್ತ ಪೂರ್ಣಿಮ ಅರೆಕ್ಷಣ ನಿಂತಿದ್ದರೂ ಕಥೆ ಮುಗಿಯುತ್ತಿತ್ತು, ಅವಳು ನಿಲ್ಲಲಿಲ್ಲ. ತಿರುಗಿ ಓಡಿದಳು, ನಾಯಕಿಗಿಂತ ಮೊದಲು ತಮ್ಮ ಬುಟ್ಟಿಯ ಮುಂದೆ ತಲುಪಿದಳು, ಎರಡೂ ಪಾದಗಳನ್ನು ಊರಿದಳು, ಕೈಗಳನ್ನು ಎದೆಗೆ ತಂದುಕೊಂಡಳು, ಸುಮ್ಮನೆ ನಿಂತಳು. ಹೊಡೆಯಲಿಲ್ಲ, ಹಿಡಿಯಲಿಲ್ಲ, ಹಾರಲೂ ಇಲ್ಲ. ಜಿಗಿಯಲೆಂದು ನುಗ್ಗಿ ಬಂದ ಹುಡುಗಿಯ ಹೆಗಲು ಅವಳ ಎದೆಗೆ ಅಪ್ಪಳಿಸಿತು. ಪೂರ್ಣಿಮ ಅಂಗಾತ ಬಿದ್ದು ನೆಲದ ಮೇಲೆ ಜಾರಿಹೋದಳು. ಆಮೇಲೆ ಚೆಂಡು ಬುಟ್ಟಿಯೊಳಗೆ ಬಿತ್ತು.

ಕ್ರೀಡಾಂಗಣ ಸಂತೋಷದಿಂದ ಸ್ಫೋಟಿಸಿತು. ನನ್ನ ಪಕ್ಕದ ಕುರ್ಚಿ ಖಾಲಿಯಾಗಿತ್ತು. ಸಾವಿತ್ರಮ್ಮ, ಅದುವರೆಗೆ ತಲೆಯೆತ್ತಿಲ್ಲವೆಂದು ನಾನು ತಿಳಿದಿದ್ದ ಸಾವಿತ್ರಮ್ಮ, ಜನರನ್ನು ಸೀಳಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಅಷ್ಟರಲ್ಲಿ ರೆಫರಿ ಪೀಪಿ ಊದಿ, ಮುಷ್ಟಿಯಿಂದ ಅಂಗೈಗೆ ಗುದ್ದಿ, ಬುಟ್ಟಿಯ ಕಡೆಗೆ ಕೈಯಾಡಿಸಿ ಅಂಕವಿಲ್ಲವೆಂದ. ಚೆಂಡು ಕೈ ಬಿಡುವ ಮೊದಲೇ, ನ್ಯಾಯವಾಗಿ ನಿಂತವಳ ಮೇಲೆ ನುಗ್ಗಿದ ತಪ್ಪು ಮೈಸೂರಿನದು. ಚೆಂಡು ಕರಾವಳಿಯದು. ಉಳಿದಿದ್ದ ಗಳಿಗೆಗಳನ್ನು ಅವರು ಜತನದಿಂದ ಕಳೆದು ಗೆದ್ದರು.

ಕೆಳಗಿಳಿದು ಹೋದಾಗ ಪೂರ್ಣಿಮ ಕಟ್ಟೆಯ ಮೇಲೆ ಕೂತು ತರಚಿದ ಮೊಣಕೈಯನ್ನು ತಾಯಿಗೆ ಒಪ್ಪಿಸಿದ್ದಳು.

"ಪಕ್ಕುಕ್ಕೆ ಸರ್ಕಬಾರ್ದಾ ಮಗ? ಯಾಕ್ ಅಂಗೆ ಅಡ್ಡ ನಿಂತ್ಕಂಡೆ?"

"ಸರ್ಕಂಡಿದ್ರೆ ಅವ್ಳು ಆಕ್ಬುಡ್ತಿದ್ಲು ಕಣವ್ವಾ."

ಇದಕ್ಕಿಂತ ಚೊಕ್ಕ ಭಾಷ್ಯವನ್ನು ಆ ಆಟಕ್ಕೆ ನಾನು ಆಮೇಲೂ ಕೇಳಲಿಲ್ಲ. ಹಿಂದಿರುಗುವಾಗ ಟೆಂಪೊದಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಪಾಂಡವಪುರ ದಾಟಿದ ಮೇಲೆ ಶಿವಣ್ಣ ಕಿಟಕಿಯ ಕಡೆ ಮುಖ ಮಾಡಿಯೇ, "ಮೇಡಮ್ಮೋರೆ, ನಾನು ರೈಡಿಗೆ ಓಗಿ ಬಂದ್ರೆ ಜನ ಎಗಲ್ ಮ್ಯಾಲೆ ಕೂರಿಸ್ಕತಿದ್ರು. ನಾನ್ ಔಟಾಗಿ ಆಚೆ ಕೂತಾಗ ಒಳ್ಗಡೆ ನಿಂತು ಇಡ್ದು ನನ್ನ ಮತ್ತೆ ಒಳಕ್ಕೆ ಕರಸ್ಕತಿದ್ದೋರು ಯಾರು ಅಂತ ಇವತ್ತು ಎಷ್ಟ್ ಗ್ಯಾನ ಮಾಡ್ಕಂಡ್ರೂ ನೆಪ್ಪಾಯ್ತಿಲ್ಲ" ಎಂದ. ಆಗಬಾರದ್ದು ಆಗದಂತೆ ನೋಡಿಕೊಂಡವರ ಹೆಸರು ನಮಗಾರಿಗೂ ನೆನಪಿರುವುದಿಲ್ಲ. ಆಗದೇ ಹೋದದ್ದು ಕಣ್ಣಿಗೆ ಕಾಣುವುದಾದರೂ ಹೇಗೆ? ನಮ್ಮ ನಿತ್ಯದ ನೆಮ್ಮದಿಯಲ್ಲಿ ಇಂಥ ಎಷ್ಟು ಸೊನ್ನೆಗಳು ಸೇರಿವೆಯೋ ಎಂದುಕೊಳ್ಳುತ್ತ ಕೋಡುಬಳೆ ಮುರಿದೆ. ಡಬ್ಬವನ್ನು ಕೊಡುವುದನ್ನೇ ಸಾವಿತ್ರಮ್ಮ ಮರೆತು ತಂದಿದ್ದರು.

ಫೈನಲ್ಲಿನಲ್ಲಿ ಕರಾವಳಿ ಸೋತಿತು. ಆದರೂ ಮುಂದಿನ ವರ್ಷಕ್ಕೆ ಉಳಿಸಿಕೊಂಡವರ ಪೈಕಿ ತಂಡ ಮೊದಲು ಹೇಳಿದ ಹೆಸರುಗಳಲ್ಲಿ ಪೂರ್ಣಿಮಳದೂ ಇತ್ತು. ಸುದ್ದಿ ಹೇಳಲು ಅವಳು ಫೋನ್ ಮಾಡಿದಾಗ ನಾವೆಲ್ಲ ಅಂಗಡಿಯಲ್ಲೇ ಇದ್ದೆವು, ಸಾವಿತ್ರಮ್ಮನೂ ಇದ್ದರು. ನಾಗಾಚಾರ್ ಸ್ಪೀಕರ್ ಹಾಕಿದರು. ಶಿವಣ್ಣ ಬಾಯಿ ತೆರೆಯುವಷ್ಟರಲ್ಲಿ ಸಾವಿತ್ರಮ್ಮ ಫೋನು ಎತ್ತಿಕೊಂಡರು.

"ಸಂತೋಸ ಕಣ್ ಮಗ. ಅದಿರ್ಲಿ, ಫೈನಲ್ನಾಗೆ ಆ ಕೆಂಪು ಬನೀನಿನ ಎಣ್ಣು ಎಲ್ಡು ಸಲಾನೂ ನಿನ್ನ ಎಡಗಡೆಯಿಂದ್ಲೇ ನುಗ್ಗೋದ್ಲಲ್ಲ. ಆ ಕಾಲ ಯಾಕ್ ಮುಂದ್ಕಿಟ್ಟಿದ್ದೆ?"



"ಅವ್ವಾ... ನೀನು ನೋಡಿದ್ಯಾ?"

"ಎಲ್ಲಾನೂ ನೋಡಿವ್ನಿ," ಎಂದರು ಸಾವಿತ್ರಮ್ಮ. "ನೀನು ಬೆಂಚ್ನಾಗೆ ಕೂತಿದ್ದವೂ."